ನೋವು ಹೋಯ್ತು, ಗಾಯ ಹೋಗಿಲ್ಲ: ಓಟಗಾರರ ಹ್ಯಾಮ್‌ಸ್ಟ್ರಿಂಗ್ ಯಾಕೆ ಮತ್ತೆ ಮತ್ತೆ ಹಿಡಿಯುತ್ತೆ?



ಹೋದ ತಿಂಗಳು ಅತ್ತಿವೇರಿಗೆ ಹೋಗಿದ್ದೆ. ಮುಂಡಗೋಡ ತಾಲ್ಲೂಕಿನ ನಮ್ಮೂರು. ಹೊರಗಿನವರಿಗೆ ಇದು ಪಕ್ಷಿಧಾಮ. ಡ್ಯಾಮಿನ ನೀರಿಗೆ ಬರೋ ಹಕ್ಕಿ ನೋಡೋಕೆ ಹುಬ್ಬಳ್ಳಿ ಕಡೆಯಿಂದ ಕ್ಯಾಮೆರಾ ಹಿಡ್ಕೊಂಡು ಬರ್ತಾರೆ. ನಾನು ನೋಡೋಕೆ ಹೋಗಿದ್ದು ಚಿಕ್ಕಪ್ಪನ ಮಗಳನ್ನ. ಡಿಗ್ರಿ ಎರಡನೇ ವರ್ಷ, 200 ಮೀಟರ್ ಓಡ್ತಾಳೆ. 16 ದಿನದ ಹಿಂದೆ ಪ್ರಾಕ್ಟೀಸಲ್ಲಿ ತೊಡೆ ಹಿಂದೆ ಏನೋ ಪಟ್ ಅಂದಿತ್ತು. ಮನೆಯಲ್ಲಿ ಎಲ್ಲರೂ ‘ನರ ಹಿಡದೈತಿ’ ಅಂದ್ರು, ಅಜ್ಜಿ ಎಣ್ಣೆ ಬಿಸಿ ಮಾಡಿದಳು. ಈಗ ನಡೆದಾಡ್ತಾಳೆ, ಮೆಟ್ಟಿಲು ಹತ್ತುತಾಳೆ. ಮುಂದಿನ ವಾರ ಕಾಲೇಜ್ ಮೀಟ್ ಇತ್ತು.

‘ಅಣ್ಣಾ, ಈಗ ನೋವಿಲ್ಲ. ಓಡ್ಲ್ಯೋ ಬ್ಯಾಡೋ?’ ಅಂದ್ಲು.

ಈ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟವನು. ಬಿಕಾಂ ಓದುವಾಗ ನನಗೂ ಹೀಗೇ ಆಗಿತ್ತು. ಮೂರನೇ ವಾರ ನೋವಿರಲಿಲ್ಲ, ‘ನೋವಿಲ್ಲ ಅಂದ್ರ ಓಡಪಾ’ ಅಂದ್ರು, ಓಡಿದೆ. ಕರ್ವ್ ಮುಗಿಯೋ ಜಾಗದಲ್ಲಿ ಮತ್ತೆ ಹರೀತು. ಮಾರನೇ ವರ್ಷ ಮೂರನೇ ಸಲ. ಅಲ್ಲಿಗೆ ನನ್ನ ಓಟ ಮುಗೀತು, ಮೈಕ್ ಹಿಡಿಯೋದು ಶುರುವಾಯ್ತು.

ಇದು ನನ್ನಂಥ ಸಣ್ಣ ಓಟಗಾರರ ಕತೆ ಮಾತ್ರ ಅಲ್ಲ. ಹಿಮಾ ದಾಸ್ ನೆನಪಿರಬೇಕು. 2018ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್, 400 ಮೀಟರ್‌ನಲ್ಲಿ ಚಿನ್ನ. 2021ರ ಜೂನ್‌ನಲ್ಲಿ ಪಟಿಯಾಲದಲ್ಲಿ 100 ಮೀಟರ್ ಹೀಟ್ಸ್ ಓಡುವಾಗ ಹ್ಯಾಮ್‌ಸ್ಟ್ರಿಂಗ್ ಕೈಕೊಟ್ಟಿತು, ಟೋಕಿಯೊ ಒಲಿಂಪಿಕ್ಸ್ ತಪ್ಪಿತು. 2023ರ ಏಪ್ರಿಲ್‌ನಲ್ಲಿ, ನಮ್ಮ ಬೆಂಗಳೂರಿನ ಇಂಡಿಯನ್ ಗ್ರ್ಯಾಂಡ್ ಪ್ರಿ ಹೊತ್ತಿಗೆ, ಮತ್ತೆ ಹ್ಯಾಮ್‌ಸ್ಟ್ರಿಂಗ್, ಜೊತೆಗೆ ಬೆನ್ನು. ಆ ವರ್ಷದ ಏಷ್ಯನ್ ಗೇಮ್ಸೂ ಹೋಯ್ತು.

ಹಾಗಾದ್ರೆ ಒಳಗೆ ಆಗೋದೇನು? ತೊಡೆ ಹಿಂದೆ ಮೂರು ಸ್ನಾಯುಗಳಿವೆ, ಮೂರೂ ಸೇರಿ ಹ್ಯಾಮ್‌ಸ್ಟ್ರಿಂಗ್. ನೆಲವನ್ನ ಒದ್ದು ಚಿಮ್ಮುವಾಗ ಇದು ಹರಿಯುತ್ತೆ ಅಂತ ನಾನು ಅಂದ್ಕೊಂಡಿದ್ದೆ. 2005ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಬೇರೇನೇ ಹೇಳುತ್ತೆ. ಪ್ರಯೋಗಕ್ಕೆ ಅಂತ ಮೈಗೆಲ್ಲ ಗುರುತು ಅಂಟಿಸಿಕೊಂಡು ಟ್ರೆಡ್‌ಮಿಲ್ ಮೇಲೆ ಓಡ್ತಿದ್ದ ಒಬ್ಬ ಸ್ಕೀಯಿಂಗ್ ಆಟಗಾರನಿಗೆ, ಕ್ಯಾಮೆರಾ ಮುಂದೇನೇ, ಹ್ಯಾಮ್‌ಸ್ಟ್ರಿಂಗ್ ಹಿಡೀತು. ಪಾಪ ಅವನಿಗೆ ಕೆಟ್ಟ ದಿನ, ವಿಜ್ಞಾನಕ್ಕೆ ಲಾಟರಿ. ಲೆಕ್ಕ ಹಾಕಿ ನೋಡಿದ್ರೆ ಗಾಯ ಆದ ಕ್ಷಣದಲ್ಲಿ ಕಾಲು ಬಹುಶಃ ಗಾಳಿಯಲ್ಲಿತ್ತು. ಮುಂದಕ್ಕೆ ಬೀಸಿ ಇನ್ನೇನು ನೆಲ ಮುಟ್ಟಬೇಕು ಅನ್ನೋ ಹೊತ್ತು.

ನಮ್ಮ ಕಡೆ ಚಕ್ಕಡಿ ಇಳಿಜಾರು ಇಳಿಯೋದನ್ನ ನೋಡಿದವರಿಗೆ ಇದು ಸುಲಭ. ಎತ್ತು ಅಲ್ಲಿ ಗಾಡಿ ಎಳೆಯೋದಿಲ್ಲ, ತಡೆಯುತ್ತೆ. ಹ್ಯಾಮ್‌ಸ್ಟ್ರಿಂಗ್ ಕೆಲಸವೂ ಆ ಕ್ಷಣಕ್ಕೆ ಅದೇ. ಉದ್ದಕ್ಕೆ ಜಗ್ಗಿಸಿಕೊಳ್ತಾನೇ ಮುಂದೆ ಹಾರೋ ಕಾಲಿಗೆ ಬ್ರೇಕ್ ಹಾಕಬೇಕು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಈ ಕೆಲಸ ಇಷ್ಟು ಜೋರಾಗಿ ಬೇಕಾಗಲ್ಲ. ಅದಕ್ಕೇ ನೋವು ಹೋದ ಮೇಲೂ ಆ ಬ್ರೇಕ್ ಸರಿಯಾಗಿದೆಯೋ ಇಲ್ಲವೋ ಗೊತ್ತಾಗೋದಿಲ್ಲ. ಕಾಮರ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ, ನೋವು ಬಡ್ಡಿ ಇದ್ದಂಗೆ. ಅದು ತೀರಿದೆ, ಅಸಲು ಹಂಗೇ ಇದೆ.

ಅಸಲು ತೀರಿಸೋದು ಹೇಗೆ ಅನ್ನೋ ಇತಿಹಾಸ ತೀರಾ ಹಳೆಯದೇನಲ್ಲ. 2004ರಲ್ಲಿ ಶೆರ್ರಿ ಮತ್ತು ಬೆಸ್ಟ್ ಅನ್ನೋ ಇಬ್ಬರು 24 ಗಾಯಾಳು ಆಟಗಾರರನ್ನ ಎರಡು ಗುಂಪು ಮಾಡಿದ್ರು. 11 ಜನಕ್ಕೆ ನಾವೆಲ್ಲ ಮಾಡೋದೇ: ಕಾಲು ಚಾಚಿ ಸ್ಟ್ರೆಚ್, ಆ ಸ್ನಾಯುವಿಗಷ್ಟೇ ವ್ಯಾಯಾಮ. 13 ಜನಕ್ಕೆ ಪಕ್ಕಕ್ಕೆ ಹೆಜ್ಜೆ ಹಾಕೋದು, ಸೊಂಟ-ಹೊಟ್ಟೆ ಗಟ್ಟಿ ಮಾಡೋದು, ನಿಧಾನಕ್ಕೆ ವೇಗ ಏರಿಸೋದು. ಆಟಕ್ಕೆ ಮರಳಿದ ಎರಡೇ ವಾರದಲ್ಲಿ ಮೊದಲ ಗುಂಪಿನ 6 ಜನಕ್ಕೆ ಮತ್ತೆ ಗಾಯ, ಎರಡನೇ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ವರ್ಷ ಕಳೆದಾಗ 10ರಲ್ಲಿ 7, ಇತ್ತ 13ರಲ್ಲಿ 1. ಸಣ್ಣ ಗುಂಪು, ನಿಜ. ಆದ್ರೂ ನನ್ನ ಮೂರು ವಾರ ಯಾವ ಗುಂಪಿನಂಗೆ ಕಳೆದಿತ್ತು ಅಂತ ನನಗೆ ತಕ್ಷಣ ಗೊತ್ತಾಯ್ತು.

ಆಮೇಲೆ ಬಂದದ್ದು ನಾರ್ಡಿಕ್. ಮಂಡಿ ಊರಿ ಕೂತ್ಕೋಬೇಕು, ಗೆಳೆಯರು ಹಿಂದಿನಿಂದ ಪಾದ ಒತ್ತಿ ಹಿಡೀಬೇಕು, ಮೈ ನೆಟ್ಟಗಿಟ್ಟು ಮುಂದಕ್ಕೆ ಆದಷ್ಟು ನಿಧಾನಕ್ಕೆ ಬೀಳಬೇಕು. ಅಷ್ಟೇ. ಜಿಮ್ ಬೇಡ, ದುಡ್ಡು ಬೇಡ. ಡೆನ್ಮಾರ್ಕಿನ 942 ಫುಟ್‌ಬಾಲ್ ಆಟಗಾರರ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನ ಮಾಡದ ಗುಂಪಿಗೆ 52 ಗಾಯ, ಮಾಡಿದ ಗುಂಪಿಗೆ 15. ಮರುಗಾಯ ಇನ್ನೂ ಹೆಚ್ಚು ತಗ್ಗಿತ್ತು. ಆದ್ರೆ ಗಾಯ ಆದ ವಾರವೇ ಇದಕ್ಕೆ ಇಳೀಬೇಡಿ. ಶುರು ಯಾವಾಗ ಅನ್ನೋದನ್ನ ಫಿಸಿಯೋ ಹೇಳಲಿ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಜಪಾನಿನ ಲೆಕ್ಕ, ಯಾಕಂದ್ರೆ ಅದು ಸ್ಪ್ರಿಂಟರ್‌ಗಳದ್ದೇ. 1988ರಿಂದ 2011ರವರೆಗೆ, 24 ಸೀಸನ್, ಕಾಲೇಜು ಓಟಗಾರರು. ಮೊದಮೊದಲು ಬಲದ ವ್ಯಾಯಾಮ ಮಾತ್ರ. ಆಗ 1000 ಓಟಗಾರರಿಗೆ ಸುಮಾರು 138ರ ಲೆಕ್ಕದಲ್ಲಿ ಗಾಯ. ಚುರುಕುತನದ ಅಭ್ಯಾಸ ಸೇರಿಸಿದ ಮೇಲೆ ಸುಮಾರು 61. ಮೈ ಸಡಿಲಗೊಳಿಸೋ ಅಭ್ಯಾಸವನ್ನೂ ಕೂಡಿಸಿದ ಮೇಲೆ 7ಕ್ಕೂ ಕಡಿಮೆ. ಅಂದ್ರೆ ಸ್ಟ್ರೆಚ್ ಮಾಡೋದು ತಪ್ಪಲ್ಲ, ಅದೊಂದನ್ನೇ ನಂಬೋದು ತಪ್ಪು. ಅದಕ್ಕಿಂತ ದೊಡ್ಡ ಸಂಗತಿ, 24 ವರ್ಷ ಯಾರೋ ಕೂತು ಬರೆದಿಟ್ಟಿದ್ದಾರೆ: ಯಾರಿಗೆ ಯಾವಾಗ ಹಿಡೀತು, ಏನು ಬದಲಿಸಿದೆವು ಅಂತ.

ನಮ್ಮ ಜಿಲ್ಲೆಯಲ್ಲೂ 1987ರಲ್ಲಿ ಓಟದ ದೊಡ್ಡದೊಂದು ಪ್ರಯೋಗ ಶುರುವಾಗಿತ್ತು. ಭಾರತೀಯ ಕ್ರೀಡಾ ಪ್ರಾಧಿಕಾರದವರು ಸ್ಪೆಷಲ್ ಏರಿಯಾ ಗೇಮ್ಸ್ ಅಂತ ಉತ್ತರ ಕನ್ನಡದ ಕಾಡಿನ ಸಿದ್ದಿ ಮಕ್ಕಳನ್ನ ಆರಿಸಿ ತರಬೇತಿಗೆ ಕರ್ಕೊಂಡು ಹೋದ್ರು. ಪೂರ್ವಜರು ಆಫ್ರಿಕಾದವರು, ಹಾಗಾಗಿ ಓಟ ರಕ್ತದಲ್ಲೇ ಇದೆ ಅನ್ನೋ ಎಣಿಕೆ. ಆ ಎಣಿಕೆ ನನಗೆ ಹಿಡಿಸೋದಿಲ್ಲ. ಪದಕ ತಂದದ್ದು ಆ ಮಕ್ಕಳ ಬೆವರು. ಹೌದು, ಪದಕ ಬಂದವು. ಆದ್ರೆ 1990ರ ದಶಕದ ಶುರುವಿಗೇ ಯೋಜನೆ ನಿಂತುಹೋಯ್ತು, ಬಹಳಷ್ಟು ಮಂದಿ ಊರಿಗೆ, ಕೂಲಿ ಕೆಲಸಕ್ಕೆ ಮರಳಿದ್ರು. ಜಪಾನಿನ ಆ ಲೆಕ್ಕದ ಪುಸ್ತಕ ಶುರುವಾಗಿದ್ದು ಇದರ ಮಾರನೇ ವರ್ಷ ಅನ್ನೋದನ್ನ ನೋಡಿ. ಅವರ ಅಂಕಿ 7ಕ್ಕಿಂತ ಕೆಳಗಿಳಿಯೋಕೆ ಹತ್ತು ವರ್ಷದ ಮೇಲೆ ಹಿಡೀತು. ನಮ್ಮದು ಅಷ್ಟು ದಿನ ಬದುಕಲೇ ಇಲ್ಲ.

ತಂಗಿಗೆ ‘ಈ ಮೀಟ್ ಬ್ಯಾಡ’ ಅಂದೆ. ಎರಡು ದಿನ ಮಾತಾಡಲಿಲ್ಲ. ಆಮೇಲೆ ಹುಬ್ಬಳ್ಳಿಗೆ ಹೋಗಿ ಫಿಸಿಯೋಗೆ ತೋರಿಸಿದ್ವಿ. ಈಗ ವಾರಕ್ಕೆ ಮೂರು ದಿನ ಪಡಸಾಲೆಯಲ್ಲಿ ನಾರ್ಡಿಕ್, ಪಾದ ಹಿಡಿಯೋದು ಚಿಕ್ಕಮ್ಮ. ಓಟ ಅರ್ಧ ವೇಗದಿಂದ ಶುರುವಾಗಿ ಮುಕ್ಕಾಲಿಗೆ ಬಂದಿದೆ. ಪೂರ್ತಿ ವೇಗದಲ್ಲಿ ಹಲವು ಸಲ ಓಡಿ, ಮಾರನೇ ದಿನವೂ ಕಾಲು ಸುಮ್ಮನಿದ್ರೆ ಮಾತ್ರ ರೇಸು. ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿದ್ದೇನೆ. ನಿನ್ನೆ ವಾಟ್ಸಾಪಲ್ಲಿ ಅದರ ಫೋಟೋ ಕಳಿಸಿದ್ಲು: ‘60 ಮೀಟರ್, 4 ಸಲ, ಮುಕ್ಕಾಲು ಸ್ಪೀಡ್. ಎಡಗಾಲು ಸ್ವಲ್ಪ ಬಿಗಿ. ಐದನೇದು ಓಡಲಿಲ್ಲ.’