‘ಇನ್‌ಫರ್ನಲ್’: ಕೆಳಗಿನ ಲೋಕದಿಂದ ಕೇಡಿನ ಲೋಕಕ್ಕೆ

ನರಕಸದೃಶವಾದ ದುಷ್ಟತನವನ್ನು ಹೆಸರಿಸಲು ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಇನ್‌ಫರ್ನಲ್’ ಎಂಬ ಪದದ ಮೂಲದಲ್ಲಿ ದುಷ್ಟತನವೂ ಇಲ್ಲ, ಬೆಂಕಿಯೂ ಇಲ್ಲ. ಲ್ಯಾಟಿನ್ ಭಾಷೆಯ ‘ಇನ್ಫೆರ್ನುಸ್’ ಎಂದರೆ ಕೆಳಗಿನದು, ಅಷ್ಟೇ. ಸತ್ತವರು ಭೂಮಿಯ ಕೆಳಗಿರುವರೆಂದು ರೋಮನರು ಭಾವಿಸಿದ್ದರು. ಸಜ್ಜನರೂ ಅಲ್ಲಿಯೇ, ದುರ್ಜನರೂ ಅಲ್ಲಿಯೇ.

ಇಬ್ರಿಯರ ‘ಷೆಯೋಲ್’ ಎಂಬುದಕ್ಕೆ ಲ್ಯಾಟಿನ್ ಸತ್ಯವೇದವು ಈ ಪದವನ್ನೇ ಆರಿಸಿಕೊಂಡಿತು. ಯೋಸೇಫನ ರಕ್ತಸಿಕ್ತ ಅಂಗಿಯನ್ನು ಕಂಡ ಯಾಕೋಬನು, ದುಃಖಿಸುತ್ತಲೇ ಮಗನ ಬಳಿಗೆ ಇಳಿದುಹೋಗುವೆನೆಂದು ಹೇಳುವಲ್ಲಿ (ಆದಿಕಾಂಡ 37:35) ಇರುವುದೂ ಇದೇ ಪದ. ಆ ತಂದೆ ತನ್ನ ಮುದ್ದಿನ ಮಗನನ್ನು ನರಕದಲ್ಲಿ ಎಣಿಸಿಕೊಂಡಿದ್ದನೇ? ದಂಡನೆಯ ಸ್ಥಳವಾದ ‘ಗೆಹೆನ್ನ’ವನ್ನು ಜೆರೋಮನು ಅನುವಾದಿಸದೆ ಹಾಗೆಯೇ ಉಳಿಸಿದನು. ಆದರೆ ಲೂಕ 16ರ ಐಶ್ವರ್ಯವಂತನು ಯಾತನೆಪಡುವ ಸ್ಥಳಕ್ಕೂ ಲ್ಯಾಟಿನ್ನಿನಲ್ಲಿ ‘ಇನ್ಫೆರ್ನುಸ್’ ಎಂದೇ ಇದೆ. ಉರಿಯು ಈ ಪದದೊಳಗೆ ಸೇರಿಕೊಳ್ಳಲು ಇಂತಹ ಸ್ಥಳಗಳೇ ದಾರಿಯಾದವೆಂದು ನಾವು ಊಹಿಸುತ್ತೇವೆ.

14ನೆಯ ಶತಮಾನದ ಕೊನೆಯಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ಆಗಲೇ ನರಕದ ವಿಶೇಷಣವಾಗಿತ್ತು. 1667ರ ಮಿಲ್ಟನನ ಮಹಾಕಾವ್ಯದಲ್ಲಿ ಅದು ಸೈತಾನನಿಗೆ ಅಂಟಿಕೊಂಡಿತು. 1800ರ ಡಿಸೆಂಬರ್ 24ರಂದು ಪ್ಯಾರಿಸಿನಲ್ಲಿ ನೆಪೋಲಿಯನನನ್ನು ಕೊಲ್ಲಲು ಬಂಡಿಯಲ್ಲಿಟ್ಟ ಮದ್ದಿನ ಪೀಪಾಯಿಗೆ ‘ನರಕಯಂತ್ರ’ವೆಂಬ ಅರ್ಥದಲ್ಲಿ ಇದೇ ವಿಶೇಷಣ ಸಂದಿತು. ಕೊನೆಗೆ ನೆರೆಮನೆಯ ಗದ್ದಲವನ್ನು ಬೈಯುವುದಕ್ಕೂ ಸಾಕಾಯಿತು!

ಗೊಂದಲವನ್ನು ಹೆಚ್ಚಿಸಿದ್ದು 1611ರ ಅಧಿಕೃತ ಇಂಗ್ಲಿಷ್ ಅನುವಾದ. ಅದು ಷೆಯೋಲನ್ನು 31 ಕಡೆ ‘ಹೆಲ್’ ಎಂದೂ 31 ಕಡೆ ಸಮಾಧಿಯೆಂದೂ 3 ಕಡೆ ಗುಂಡಿಯೆಂದೂ ತಿರುಗಿಸಿತು. ಗೆಹೆನ್ನವೂ ಅದೇ ‘ಹೆಲ್’ ಆಯಿತು. ಇದರ ಪೆಟ್ಟು ಅಪೊಸ್ತಲರ ವಿಶ್ವಾಸಪ್ರಮಾಣಕ್ಕೆ ತಗಲಿತು. ಸುಮಾರು 404ರಲ್ಲಿ ಅಕ್ವಿಲೇಯದ ರೂಫಿನನು ತನ್ನ ಸಭೆಯ ಪ್ರಮಾಣದಲ್ಲಿ ಕ್ರಿಸ್ತನು ‘ಇನ್ಫೆರ್ನ’ಕ್ಕೆ ಇಳಿದನೆಂಬ ಮಾತಿರುವುದನ್ನೂ ರೋಮ್ ಸಭೆಯ ಪ್ರಮಾಣದಲ್ಲಿ ಅದಿಲ್ಲದಿರುವುದನ್ನೂ ದಾಖಲಿಸಿ, ‘ಹೂಣಲ್ಪಟ್ಟನು’ ಎಂಬುದರ ಅರ್ಥವೇ ಇದಕ್ಕೂ ಇರುವಂತೆ ತೋರುತ್ತದೆಂದನು. ಕಾಲ್ವಿನನು ಅದನ್ನು ಕ್ರಿಸ್ತನ ಆತ್ಮವು ಅನುಭವಿಸಿದ ದೈವಕೋಪದ ಯಾತನೆಯೆಂದು ವಿವರಿಸಿದನು. ಆ ವಿವರಣೆಯ ಗಾಂಭೀರ್ಯವನ್ನು ಒಪ್ಪಿಕೊಂಡರೂ, ಪದದ ಮಟ್ಟಿಗೆ ರೂಫಿನನೇ ಸರಿಯೆಂದು ನಮಗೆ ತೋರುತ್ತದೆ. 1988ರ ಇಂಗ್ಲಿಷ್ ಪಾಠವು ‘ಸತ್ತವರ ಬಳಿಗೆ ಇಳಿದನು’ ಎಂಬ ಅರ್ಥಕ್ಕೆ ಮರಳಿದೆ.

ಕನ್ನಡ ಸತ್ಯವೇದವು ಷೆಯೋಲಿಗೆ ‘ಪಾತಾಳ’ವನ್ನೂ ಗೆಹೆನ್ನಕ್ಕೆ ‘ನರಕ’ವನ್ನೂ ಬಳಸಿ ಈ ಭೇದವನ್ನು ಕಾಯ್ದುಕೊಂಡಿದೆ. ಪಾತಾಳವೂ ಮೊದಲಿಗೆ ಕೆಳಗಿನ ಲೋಕವೇ. ಪುರಾಣಗಳಲ್ಲಿ ಅದು ನಾಗರ ವಾಸಸ್ಥಾನ, ದಂಡನೆಯ ಸ್ಥಳವಲ್ಲ. ಹೀಗಿದ್ದೂ ಇಂಗ್ಲಿಷ್ ವ್ಯಾಖ್ಯಾನಗಳಿಂದ ಪ್ರಸಂಗ ಸಿದ್ಧಪಡಿಸುವ ನಾವು ಅಲ್ಲಿಯ ಉರಿಯನ್ನು ಇಲ್ಲಿಗೆ ತರುವುದುಂಟು. ಕೀರ್ತನೆ 16:10ನ್ನು ಪಂಚಾಶತ್ತಮ ದಿನದಂದು ಪೇತ್ರನು ಎತ್ತಿಕೊಂಡಾಗ (ಅಪೊಸ್ತಲರ ಕೃತ್ಯಗಳು 2) ಪಾತಾಳವನ್ನು ನರಕವೆಂದು ಓದಿದರೆ ಅವನ ವಾದವೇ ಕುಸಿಯುತ್ತದೆ. ಅವನು ಜನರಿಗೆ ತೋರಿಸಿದ್ದು ಆ ದಿನದವರೆಗೂ ಅವರ ನಡುವೆಯೇ ಇದ್ದ ದಾವೀದನ ಸಮಾಧಿಯನ್ನು.