ಮಹಾಯುದ್ಧವೂ ಬೆಳಗಾವಿಯ ಕೆಥೋಲಿಕ ಪಾಠಶಾಲೆಯ ಮೆಟ್ರಿಕ್ಯುಲೇಶನ್ ತರಗತಿಯೂ

ಸೈನ್ಯವು ನೆರೆದಿರುವಾಗ, ಯುದ್ಧವು ನಡೆಯುತ್ತಿರುವಾಗ ವೇದಾಧ್ಯಯನವು ಸಲ್ಲದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ವಿಧಿಸುತ್ತದೆ. ಯಾಜ್ಞವಲ್ಕ್ಯನು ತಾತ್ಕಾಲಿಕವಾದ ಅನಧ್ಯಾಯಗಳನ್ನು ಮೂವತ್ತೇಳೆಂದು ಎಣಿಸಿದ್ದಾನೆ. ಚಿತ್ತವು ಚಂಚಲವಾದಾಗ ಕಲಿತ ವಿದ್ಯೆಯು ನಿಲ್ಲದೆಂಬುದೇ ಇವುಗಳ ಮೂಲಾಭಿಪ್ರಾಯವಾಗಿರಬೇಕು. ಆಂಗ್ಲರ ಆಳಿಕೆಯಲ್ಲಿ ನಮ್ಮ ನಾಡಿಗೆ ಬಂದ ವಿದ್ಯಾಪದ್ಧತಿಯಾದರೋ ಇಂತಹ ಅನಧ್ಯಾಯವನ್ನು ಅರಿಯದು. ಅದಕ್ಕೆ ಪರೀಕ್ಷೆಯೇ ಪ್ರಧಾನ. ಪರೀಕ್ಷೆಗೆ ತಿಥಿಯುಂಟು, ಅತಿಥಿಯಂತೆ ಬಂದ ಯುದ್ಧದ ಗಣನೆಯಿಲ್ಲ. ೧೯೧೪ರಿಂದ ೧೯೧೮ರ ವರೆಗಿನ ಮಹಾಯುದ್ಧದಲ್ಲಿಯೂ, ೧೯೩೯ರಿಂದ ೧೯೪೫ರ ವರೆಗಿನ ಎರಡನೆಯ ಮಹಾಯುದ್ಧದಲ್ಲಿಯೂ ಕನ್ನಡ ನಾಡಿನ ಕೆಥೋಲಿಕ ಬಾಲಕರ ಪಾಠಶಾಲೆಗಳಿಂದ ಕೊನೆಯ ತರಗತಿಯ ಹುಡುಗರು ಎಂದಿನಂತೆ ಹೊರಬಿದ್ದರು. ಆದರೆ ಅವರಿಗೆ ಕಲಿಸಿದವರ ಗತಿಯು ಎಂದಿನಂತಿರಲಿಲ್ಲ. ಈ ಸಂಗತಿಯು ನಮ್ಮ ಶಿಕ್ಷಣದ ಇತಿಹಾಸಗಳಲ್ಲಿ ಒಂದೆರಡು ವಾಕ್ಯಗಳಲ್ಲಿಯೇ ಮುಗಿದುಹೋಗುವುದುಂಟು. ಅದು ಅಷ್ಟಕ್ಕೇ ಮುಗಿಯತಕ್ಕ ವಿಷಯವಲ್ಲ.

ಮುಂಬಯಿ ಕರ್ನಾಟಕದಲ್ಲಿ ಇದರ ವಿಚಾರಕ್ಕೆ ಬೆಳಗಾವಿಯ ದಂಡಿನ ಪ್ರದೇಶದಲ್ಲಿರುವ ಸೇಂಟ್ ಪಾಲ್ ಹಾಯಸ್ಕೂಲು ಉತ್ತಮ ಆಧಾರವಾಗಿದೆ. ಜೆಸೂಯಿಟ್ ಪಾದ್ರಿಗಳ ಈ ಶಾಲೆಯು ೧೮೫೬ರಲ್ಲಿ ಸ್ಥಾಪಿತವಾಯಿತು. ಎಂದರೆ ಮುಂಬಯಿ ವಿಶ್ವವಿದ್ಯಾಲಯಕ್ಕಿಂತ ಒಂದು ವರ್ಷ ಹಿರಿದು. ಯುದ್ಧದ ನೆರಳು ಅದರ ತೊಟ್ಟಿಲ ಮೇಲೆಯೇ ಬಿದ್ದಿತ್ತು. ೧೮೫೭ರಲ್ಲಿ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿಯದೆ ಎದ್ದರು. ಮರುವರ್ಷ ನರಗುಂದದ ಬಾಬಾಸಾಹೇಬನನ್ನು ಇದೇ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ವಿಶ್ವವಿದ್ಯಾಲಯದ ಮೊದಲನೆಯ ಮೆಟ್ರಿಕ್ಯುಲೇಶನ್ ಪರೀಕ್ಷೆಯು ೧೮೫೯ರಲ್ಲಿ ನಡೆಯಿತು. ಗಲ್ಲಿನ ಕಂಬಕ್ಕೂ ಪರೀಕ್ಷೆಯ ಪೀಠಕ್ಕೂ ನಡುವೆ ಒಂದೇ ವರ್ಷದ ಅಂತರ.

ಆ ಕಾಲದ ಗೋಕಾಕ ತಾಲೂಕಿನಲ್ಲಿ ಈಗ ಬೇರೆ ತಾಲೂಕಾಗಿರುವ ಮೂಡಲಗಿಯೂ ಅಡಕವಾಗಿತ್ತು. ಮೇಲವಂಕಿಯಂತಹ ಹಳ್ಳಿಯ ಬಾಲಕನು ಕನ್ನಡ ಶಾಲೆಯನ್ನು ಮುಗಿಸಿ ಇಂಗ್ಲೀಷು ಕಲಿತು ಮೆಟ್ರಿಕ್ಯುಲೇಶನ್ನಿನ ವರೆಗೆ ಹೋಗಬೇಕೆಂದರೆ ಮನೆಯನ್ನು ಬಿಡಲೇಬೇಕಾಗಿತ್ತು. ಗೋಕಾಕ ರೋಡ್ ನಿಲ್ದಾಣದಲ್ಲಿ ಉಗಿಬಂಡಿಯನ್ನೇರಿದರೆ ಜಿಲ್ಲೆಯ ಮುಖ್ಯಸ್ಥಳವು ದೂರವಲ್ಲ. ದೂರವಿದ್ದುದು ಅದರ ಮುಂದಿನ ದಾರಿ. ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಕಾಲೇಜೆಂಬುದು ಪುಣೆಯಲ್ಲಿಯೋ ಮುಂಬಯಿಯಲ್ಲಿಯೋ ಇದ್ದಿತೇ ಹೊರತು ಕನ್ನಡ ಮಾತನಾಡುವ ಜಿಲ್ಲೆಗಳಲ್ಲಿ ಇರಲಿಲ್ಲ. ಒಕ್ಕಲಿಗನ ಮಗನಾಗಲಿ ಅಂಗಡಿಕಾರನ ಮಗನಾಗಲಿ, ಮೆಟ್ರಿಕ್ಯುಲೇಶನ್ನೇ ಅವನ ವಿದ್ಯೆಯ ಕೊನೆಯ ಮೆಟ್ಟಲು. ಅದರಾಚೆಗೆ ಕಚೇರಿಯ ಕಾರಕೂನಿಕೆ. ಗುರುಕುಲದಿಂದ ಹೊರಡುವ ಶಿಷ್ಯನಿಗೆ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಆಚಾರ್ಯನು ಕೊಡುವ ಅನುಶಾಸನವು ಪಂಡಿತರಿಗೆ ವಿದಿತವೇ ಇದೆ. ಸಮಾವರ್ತನವೆಂದರೆ ಮರಳಿ ಮನೆಗೆ ಬರುವುದು. ಮೆಟ್ರಿಕ್ಯುಲೇಶನ್ ಪಾಸಾದವನು ಮನೆಗೆ ಮರಳುವುದು ಅಪರೂಪವಾಗಿತ್ತೆಂಬುದನ್ನು ಪ್ರಸಂಗವಶಾತ್ ಹೇಳಬಹುದು.

೧೯೧೪ರಲ್ಲಿ ಬೆಳಗಾವಿಯು ಕೆಥೋಲಿಕ ವ್ಯವಸ್ಥೆಯ ಪ್ರಕಾರ ಪುಣೆಯ ಧರ್ಮಪ್ರಾಂತಕ್ಕೆ ಸೇರಿತ್ತು. ಮುಂಬಯಿ ಪುಣೆಗಳೆರಡೂ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಜರ್ಮನ್ ಜೆಸೂಯಿಟರ ಕ್ಷೇತ್ರಗಳಾಗಿದ್ದವು. ಮುಂಬಯಿಯ ಆರ್ಚ್‌ಬಿಷಪ್ ಹರ್ಮನ್ ಯೂರ್ಗನ್ಸರೂ ಪುಣೆಯ ಬಿಷಪ್ ಹೈನ್ರಿಶ್ ಡೋರಿಂಗರೂ ಜರ್ಮನರೇ. ಜುಲೈ ತಿಂಗಳಲ್ಲಿ ಪೂಜ್ಯ ಗುರುಗಳೆನಿಸಿದ್ದವರು ಆಗಸ್ಟ್ ತಿಂಗಳಲ್ಲಿ ಶತ್ರುಪ್ರಜೆಗಳಾದರು. ಅವರಲ್ಲಿ ಕೆಲವರನ್ನು ಅಹಮದನಗರದ ಬಂಧನಶಿಬಿರಕ್ಕೆ ಒಯ್ದರು. ೧೯೧೫ರ ಕೊನೆಯಲ್ಲಿಯೂ ೧೯೧೬ರ ವಸಂತದಲ್ಲಿಯೂ ಗೋಲ್ಕೊಂಡಾ ಎಂಬ ಹಡಗು ಜರ್ಮನ್ ಪಾದ್ರಿಗಳನ್ನೂ ಇತರ ಪ್ರಜೆಗಳನ್ನೂ ಹೊತ್ತು ಯೂರೋಪಿಗೆ ನಡೆಯಿತು. ಯೂರ್ಗನ್ಸರು ೧೯೧೬ರಲ್ಲಿ ತೀರಿಕೊಂಡರು. ೧೯೧೯ರಲ್ಲಿ ಅವರ ಸ್ಥಾನಕ್ಕೆ ಬಂದವರು ಇಂಗ್ಲೀಷ್ ಜೆಸೂಯಿಟರಾದ ಆಲ್ಬನ್ ಗುಡಿಯರ್. ಡೋರಿಂಗರು ೧೯೨೧ರಲ್ಲಿ ಜಪಾನಿನ ಹಿರೋಶಿಮಾಕ್ಕೆ ನಿಯುಕ್ತರಾಗಿ, ೧೯೨೭ರಲ್ಲಿ ಮಾತ್ರ ಪುಣೆಯ ಪೀಠಕ್ಕೆ ಹಿಂದಿರುಗಿದರು. ಶಿಷ್ಯನು ಗುರುಕುಲವನ್ನು ಬಿಡುವುದು ಲೋಕರೂಢಿ. ಈ ಪ್ರಾಂತದಲ್ಲಿ ಗುರುವೇ ಶಿಷ್ಯರನ್ನು ಬಿಟ್ಟು ಹೋಗಬೇಕಾಯಿತು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಗುರುವನ್ನು ವೈರಿಯೆಂದು ಹೊರದೂಡಿದ ಸರಕಾರವೇ, ಅವನಿಂದ ಇಂಗ್ಲೀಷನ್ನೂ ಗಣಿತವನ್ನೂ ಕಲಿತ ಶಿಷ್ಯನನ್ನು ಯುದ್ಧದ ಲೆಕ್ಕಪತ್ರಗಳಿಗೆ ಬೇಕೆಂದು ಕರೆಯಿತು. ಮೆಸೊಪೊಟೇಮಿಯಾದ ರಣರಂಗವು ಬೆಳಗಾವಿಗೆ ಅಪರಿಚಿತವಾದುದೇನೂ ಅಲ್ಲ. ಕೂಟ್ ಎಂಬಲ್ಲಿ ಜನರಲ್ ಟೌನ್‌ಶೆಂಡನ ಸೈನ್ಯವು ತುರ್ಕರಿಗೆ ಶರಣಾದಾಗ ಅದರಲ್ಲಿ ಮರಾಠಾ ಪಲ್ಟಣಗಳೂ ಇದ್ದವು. ಆ ದಿನ ೧೯೧೬ರ ಏಪ್ರಿಲ್ ೨೯. ಅದರ ಹಿಂದಿನ ದಿನವೇ, ಏಪ್ರಿಲ್ ೨೮ರಂದು, ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದ್ದರು. ಆ ವರ್ಷದ ಮೆಟ್ರಿಕ್ಯುಲೇಶನ್ ತರಗತಿಯ ಬಾಲಕನು ಒಂದೇ ಊರಿನಲ್ಲಿ ನಿಂತು ಏನೇನನ್ನು ಕೇಳಿದನೆಂಬುದನ್ನು ಊಹಿಸಿಕೊಳ್ಳಬಹುದು: ಗುರುಗಳ ದೇಶಾಂತರಗಮನ, ಸಾಮ್ರಾಜ್ಯದ ಸೋಲು, ಸ್ವರಾಜ್ಯದ ಕೂಗು. ಈ ಮೂರೂ ಅವನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಅದೇ ೧೯೧೬ರ ನವೆಂಬರ್ ೧೩ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ಹುಟ್ಟಿತು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಜನರು ಅದರ ಸ್ಥಾಪಕರು. ಸಪ್ತರ್ಷಿಗಳೆಂದು ಜನರು ಅವರನ್ನು ಕರೆದುದು ಉಚಿತವೇ ಆಗಿದೆ. ಮರುವರ್ಷ, ೧೯೧೭ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಇವೆರಡನ್ನೂ ಕೇವಲ ಸ್ವಾಭಿಮಾನದ ಫಲವೆಂದು ವರ್ಣಿಸುವುದು ವಾಡಿಕೆ. ಸ್ವಾಭಿಮಾನವು ಇದ್ದೇ ಇತ್ತು. ಆದರೆ ಪರದೇಶದ ಗುರುಗಳನ್ನು ನಂಬಿದ ಶಾಲೆಯು ಪರದೇಶದ ಕಲಹಕ್ಕೆ ಹೇಗೆ ಒಳಗಾಗುವುದೆಂಬುದು ಆ ಎರಡು ವರ್ಷಗಳಲ್ಲಿ ಎಲ್ಲರ ಕಣ್ಣಿಗೂ ಕಂಡ ವಿಷಯವಾಗಿತ್ತೆಂಬುದನ್ನು ಮರೆಯಲಾಗದು. ಒಂದರಿಂದ ಮತ್ತೊಂದು ಹುಟ್ಟಿತೆಂದು ಹೇಳುವುದು ಸಾಹಸ. ಒಂದನ್ನು ಬಿಟ್ಟು ಮತ್ತೊಂದನ್ನು ಬರೆಯುವುದು ಅಪೂರ್ಣತೆ. ೧೯೧೬ರಲ್ಲಿ ತೇರ್ಗಡೆಯಾದವನು ಪುಣೆಯ ದಾರಿಯನ್ನು ನೋಡಬೇಕಾಗಿತ್ತು. ೧೯೧೭ರಲ್ಲಿ ತೇರ್ಗಡೆಯಾದವನಿಗೆ ಧಾರವಾಡವು ಸಾಕಾಯಿತು. ಹಳ್ಳಿಯ ಮನೆಯೊಂದರ ಲೆಕ್ಕದಲ್ಲಿ ಈ ಅಂತರವು ಯಾವ ರಣರಂಗದ ಗೆಲವಿಗಿಂತಲೂ ದೊಡ್ಡದು. ೧೯೧೮ರ ಇನ್‌ಫ್ಲುಯೆಂಜಾ ಬೇನೆಯು ಈ ಲೆಕ್ಕವನ್ನು ಎಷ್ಟೋ ಮನೆಗಳಲ್ಲಿ ಅಳಿಸಿಹಾಕಿತೆಂಬುದು ಬೇರೆಯ ಮಾತು.

ದಕ್ಷಿಣದ ಎರಡು ಊರುಗಳೊಡನೆ ಹೋಲಿಸಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಸಂಸ್ಥೆಯನ್ನು ೧೮೮೦ರಲ್ಲಿ ಸ್ಥಾಪಿಸಿದವರು ಇಟಲಿಯ ಜೆಸೂಯಿಟರು. ಮೊದಲನೆಯ ಯುದ್ಧದಲ್ಲಿ ಇಟಲಿಯು ಆಂಗ್ಲರ ಪಕ್ಷವನ್ನು ಹಿಡಿದುದರಿಂದ ಅವರ ಕೂದಲೂ ಕೊಂಕಲಿಲ್ಲ. ಅದೇ ಊರಿನಲ್ಲಿ ಪ್ರೊಟೆಸ್ಟಂಟರಾದ ಬಾಸೆಲ್ ಮಿಶನ್ನಿನ ಜರ್ಮನರು ಬಂಧಿತರಾಗಿ ದೇಶವನ್ನು ಬಿಟ್ಟರು, ಅವರ ಹಂಚಿನ ಹಾಗೂ ನೆಯ್ಗೆಯ ಕಾರಖಾನೆಗಳು ಪರಾಧೀನವಾದವು. ಕಿಟ್ಟೆಲರ ನಿಘಂಟನ್ನು ೧೮೯೪ರಲ್ಲಿ ಹೊರತಂದ ಮಿಶನ್ನಿಗೇ ಈ ಗತಿಯಾಯಿತೆಂಬುದನ್ನು ಕನ್ನಡಿಗರು ವಿಷಾದದಿಂದಲೇ ನೆನೆಯಬೇಕು. ಬೆಂಗಳೂರಿನ ಸೇಂಟ್ ಜೋಸೆಫರ ಶಾಲೆಯು ಫ್ರಾನ್ಸಿನ ಪಾದ್ರಿಗಳ ಕೈಯಲ್ಲಿದ್ದಿತು. ಅವರು ಮಿತ್ರರು, ಆದರೆ ಫ್ರಾನ್ಸಿನ ಸೈನ್ಯಕಾಯಿದೆಯು ಪಾದ್ರಿಗೂ ವಿನಾಯತಿಯನ್ನು ಕೊಡದೆ, ಭಾರತದಲ್ಲಿದ್ದ ಅವರ ಸಂಘದವರಲ್ಲಿ ಹಲವರನ್ನು ಸೈನ್ಯಕ್ಕೆ ಕರೆಸಿಕೊಂಡಿತು. ಹೀಗೆ ಒಂದೇ ಧರ್ಮದ, ಒಂದೇ ಬಗೆಯ ಶಾಲೆಗಳಲ್ಲಿ ಕಲಿಸುತ್ತಿದ್ದವರು ಒಂದೆಡೆ ಬಂಧಿಗಳು, ಒಂದೆಡೆ ಸೈನಿಕರು, ಒಂದೆಡೆ ನಿಶ್ಚಿಂತರು. ವಿದ್ಯಾರ್ಥಿಯ ಭಾಗ್ಯವು ಅಧ್ಯಾಪಕನ ಜನ್ಮಭೂಮಿಯನ್ನು ಅವಲಂಬಿಸಿತು.

ಎರಡನೆಯ ಯುದ್ಧದ ಹೊತ್ತಿಗೆ ಪರಿಸ್ಥಿತಿಯು ಮಾರ್ಪಟ್ಟಿತ್ತು. ೧೯೪೦ರ ಜೂನ್ ೧೦ರಂದು ಇಟಲಿಯು ಶತ್ರುರಾಷ್ಟ್ರವಾಯಿತು. ಮರುವರ್ಷದಿಂದ ಸಾವಿರಾರು ಇಟಾಲಿಯನ್ ಯುದ್ಧಕೈದಿಗಳನ್ನು ಬೆಂಗಳೂರಿನ ಸುತ್ತಣ ಶಿಬಿರಗಳಿಗೆ ತಂದರು. ಆದರೆ ಮಂಗಳೂರಿನ ಧರ್ಮಪ್ರಾಂತವು ೧೯೨೮ರಲ್ಲಿಯೇ ನಾಡಿನ ಪಾದ್ರಿಗಳ ವಶಕ್ಕೆ ಬಂದಿತ್ತು. ಇಟಲಿಯ ಬಿಷಪ್ ಪೆರೀನಿಯವರು ೧೯೨೩ರಲ್ಲಿ ಹೊಸದಾಗಿ ಏರ್ಪಟ್ಟ ಕಲ್ಲಿಕೋಟೆಯ ಪ್ರಾಂತಕ್ಕೆ ಹೋಗಿದ್ದರು. ಬೆಂಗಳೂರಿನ ಸೇಂಟ್ ಜೋಸೆಫರ ಸಂಸ್ಥೆಯೂ ೧೯೩೭ರಲ್ಲಿ ಫ್ರಾನ್ಸಿನವರಿಂದ ಜೆಸೂಯಿಟರ ಕೈಸೇರಿತ್ತು. ೧೯೧೫ರಲ್ಲಿ ಮುಂಬಯಿ ಪುಣೆಗಳಲ್ಲಿ ಆದ ಭಂಗವು ೧೯೪೦ರಲ್ಲಿ ಮಂಗಳೂರಿನಲ್ಲಿ ಆಗದಿದ್ದುದಕ್ಕೆ ಈ ಹಸ್ತಾಂತರವೇ ಮುಖ್ಯಕಾರಣವೆಂದು ತೋರುತ್ತದೆ.

ಈ ಸಲ ಬೆಳಗಾವಿಯಲ್ಲಿ ಕಲಹವು ಶಾಲೆಯ ಗುರುಪೀಠದಲ್ಲಿರದೆ ವಿದ್ಯಾರ್ಥಿಯ ಮನಸ್ಸಿನಲ್ಲಿಯೇ ಇದ್ದಿತು. ೧೯೨೨ರಿಂದ ಮರಾಠಾ ಪದಾತಿದಳದ ಶಿಕ್ಷಣಕೇಂದ್ರವು ಇದೇ ದಂಡಿನಲ್ಲಿ ನೆಲೆಗೊಂಡಿತ್ತು. ಆ ದಳದ ಯಶವಂತ ಘಾಡಗೆ, ನಾಮದೇವ ಜಾಧವ ಎಂಬವರು ಇಟಲಿಯ ರಣದಲ್ಲಿ ೧೯೪೪, ೧೯೪೫ರಲ್ಲಿ ವಿಕ್ಟೋರಿಯಾ ಕ್ರಾಸನ್ನು ಗಳಿಸಿದರು. ಘಾಡಗೆಯವರಿಗೆ ಅದು ಮರಣೋತ್ತರವಾಗಿ ಬಂದಿತು. ಇತ್ತ ೧೯೪೨ರ ಆಗಸ್ಟ್ ೮ರ ನಿರ್ಣಯದ ತರುವಾಯ ಬೆಳಗಾವಿ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಚಳವಳಿಯು ಹಬ್ಬಿ, ತಂತಿಗಳು ಕಡಿಯಲ್ಪಟ್ಟವು, ಚಾವಡಿಯ ದಫ್ತರಗಳು ಸುಟ್ಟವು. ಒಂದು ಬೀದಿಯಲ್ಲಿ ಕವಾಯತು, ಇನ್ನೊಂದರಲ್ಲಿ ಹರತಾಳ. ಮೆಟ್ರಿಕ್ಯುಲೇಶನ್ ತರಗತಿಯ ಹುಡುಗನು ಎತ್ತ ಹೋದರೂ ಅವನನ್ನು ದ್ರೋಹಿಯೆನ್ನುವವರು ಒಬ್ಬರಾದರೂ ಇದ್ದರು. ಇವರಲ್ಲಿ ಪರೀಕ್ಷೆಗೆ ಕುಳಿತವರನ್ನು ಭೀರುಗಳೆಂದು ಎಣಿಸುವುದು ನ್ಯಾಯವಲ್ಲ. ಮನೆಯವರು ಹೊಲವನ್ನು ಒತ್ತೆಯಿಟ್ಟು ಓದಿಸಿದವನಿಗೆ ಒಂದು ವರ್ಷವನ್ನು ಕಳೆಯುವುದು ಸುಲಭವಾಗಿರಲಿಲ್ಲ. ಆದರೆ ಈಗ ಅವನು ಧಾರವಾಡಕ್ಕೂ ಹೋಗಬೇಕಾಗಿರಲಿಲ್ಲ. ೧೯೩೩ರಲ್ಲಿ ಲಿಂಗರಾಜ ಕಾಲೇಜು ಬೆಳಗಾವಿಯಲ್ಲಿಯೇ ತೆರೆದಿತ್ತು, ೧೯೪೫ರಲ್ಲಿ ರಾಣಿ ಪಾರ್ವತಿದೇವಿ ಕಾಲೇಜೂ ಅದರೊಡನೆ ಸೇರಿತು.

ಡೋರಿಂಗರು ೧೯೪೮ರ ವರೆಗೆ ಪುಣೆಯ ಪೀಠದಲ್ಲಿದ್ದರು. ತಾವು ಹಿಂದೆ ನಿಯುಕ್ತರಾಗಿದ್ದ ಹಿರೋಶಿಮಾ ನಗರವು ೧೯೪೫ರಲ್ಲಿ ಭಸ್ಮವಾದ ಸುದ್ದಿಯನ್ನು ಅವರು ಅಲ್ಲಿಯೇ ಕೇಳಿರಬೇಕು. ಬೆಳಗಾವಿಯು ೧೯೫೩ರಲ್ಲಿ ಪ್ರತ್ಯೇಕ ಧರ್ಮಪ್ರಾಂತವಾಯಿತು. ೧೮೫೯ರಲ್ಲಿ ವಿಶ್ವವಿದ್ಯಾಲಯವು ಆರಂಭಿಸಿದ ಮೆಟ್ರಿಕ್ಯುಲೇಶನ್ ಪರೀಕ್ಷೆಯ ಸ್ಥಾನದಲ್ಲಿ, ೧೯೪೮ರ ಮುಂಬಯಿ ಕಾಯಿದೆಗನುಸಾರವಾಗಿ, ೧೯೪೯ರಿಂದ ಎಸ್. ಎಸ್. ಸಿ. ಪರೀಕ್ಷೆಯು ನಡೆಯತೊಡಗಿತು.