ಮೋಡಗಳ ಮುಂದೆ ಮತ್ತೆ ವಿದ್ಯಾರ್ಥಿ

1821ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಜಾನ್ ಕಾನ್‌ಸ್ಟೆಬಲ್‌ನ ದೊಡ್ಡ ತೈಲಚಿತ್ರವೊಂದಿತ್ತು. ಇಂದು ಜಗತ್ತು ಅದನ್ನು 'ದಿ ಹೇ ವೇನ್' ಎಂದು ಕರೆಯುತ್ತದೆ. ಅವನು ಇಟ್ಟ ಹೆಸರು 'ನಿಸರ್ಗದೃಶ್ಯ: ಮಧ್ಯಾಹ್ನ' ಎಂದಷ್ಟೇ. ಗಾಡಿಯಲ್ಲ, ಹೊತ್ತು ಅವನ ವಿಷಯ. ಚಿತ್ರ ಮಾರಾಟವಾಗದೆ ವಾಪಸು ಬಂತು. ಆ ವರ್ಷ 45ಕ್ಕೆ ಕಾಲಿಟ್ಟ ಈ ಕಲಾವಿದ, ಮಳೆಗಾಲದ ಮೊದಲ ಪಾಠ ಕಲಿಯುವ ಹುಡುಗನಂತೆ, ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಕೂತ. ಬಿಡಿಸಿದ್ದು ಆಕಾಶವನ್ನು, ಎಷ್ಟೋ ಹಾಳೆಗಳಲ್ಲಿ ನೆಲದ ಒಂದು ಗೆರೆಯೂ ಇಲ್ಲ. ಮರುವರ್ಷ ಅಂಥವು ಸುಮಾರು 50 ಆದವೆಂದು ಅವನೇ ಗೆಳೆಯನಿಗೆ ಬರೆದ.

ಆಕಾಶ ಅವನಿಗೆ ಹೊಸದಲ್ಲ. ಸಫೋಕ್‌ನ ಈಸ್ಟ್ ಬರ್ಗ್‌ಹೋಲ್ಟ್‌ನಲ್ಲಿ ಅಪ್ಪನಿಗೆ ನೀರಿನ ಗಿರಣಿಗಳಿದ್ದವು, ಗಾಳಿಗಿರಣಿಯೂ ಇತ್ತು. ಹುಡುಗ ಅಲ್ಲಿ ಕೆಲವು ಕಾಲ ದುಡಿದಿದ್ದ. ಗಾಳಿ ಯಾವ ಕಡೆ ತಿರುಗುತ್ತದೆಂದು ತಿಳಿಯದವನು ಗಿರಣಿ ನಡೆಸಲಾರ. ಆದರೆ ಕಾಣುವುದು ಬೇರೆ, ಕ್ಯಾನ್ವಾಸಿನ ಮೇಲೆ ಕೂರಿಸುವುದು ಬೇರೆ. ಆಕಾಶವನ್ನು ದೃಶ್ಯದ ಹಿಂದೆ ಕಟ್ಟಿದ ಬಿಳಿ ಬಟ್ಟೆಯಂತೆ ಇಟ್ಟರೆ ಸಾಕು ಎಂಬ ಬುದ್ಧಿವಾದ ಅವನ ಕಿವಿಗೆ ಬಿದ್ದಿತ್ತು. ಅವನು ಒಪ್ಪಲಿಲ್ಲ. ಬೆಳಕು ಬರುವುದೇ ಅಲ್ಲಿಂದ. ಆಕಾಶ ತಪ್ಪಿದರೆ ಹುಲ್ಲುಗಾವಲಿನ ನೆರಳೂ ಸುಳ್ಳಾಗುತ್ತದೆ.

ತೈಲವರ್ಣಕ್ಕೆ ಒಣಗಲು ದಿನಗಳು ಬೇಕು. ಮೋಡ ಅಷ್ಟು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಹಾಳೆಗೆ ಮೊದಲೇ ಬಣ್ಣದ ಲೇಪ ಕೊಟ್ಟು ಒಣಗಿಸಿ ಒಯ್ಯುತ್ತಿದ್ದ. ನೀಲಿ, ಬಿಳಿ, ಬೂದು ಬಣ್ಣಗಳನ್ನು ಹಸಿಯ ಮೇಲೆ ಹಸಿಯಾಗಿಯೇ ಎಳೆಯುತ್ತಿದ್ದ. ಅಲ್ಲಲ್ಲಿ ಬಿಟ್ಟ ತಳದ ಬಣ್ಣವೇ ಮೋಡದ ಹೊಟ್ಟೆಯಡಿಯ ಬೆಚ್ಚನೆ ಛಾಯೆಯಾಗುತ್ತಿತ್ತು. (ಲೋಹದ ಟ್ಯೂಬು ಬಂದದ್ದು 1841ರಲ್ಲಿ, ಆಗ ಬಣ್ಣ ಸಿಗುತ್ತಿದ್ದುದು ಹಂದಿಯ ಮೂತ್ರಕೋಶದ ಚೀಲದಲ್ಲಿ.) ಹೀಗೆ ಕೂತರೆ ಕಣ್ಣಿಗೆ ತಿಳಿಯುವುದು ಇಷ್ಟು: ಆಕಾಶಕ್ಕೂ ದೂರವಿದೆ. ನೆತ್ತಿಯ ಮೇಲಿನ ಮೋಡ ದೊಡ್ಡದು, ದಿಗಂತದ ಕಡೆ ಹೋದಂತೆ ಅವೇ ಮೋಡಗಳು ಕಿರಿದಾಗುತ್ತವೆ, ಒಂದರ ಹಿಂದೊಂದು ಒತ್ತುತ್ತವೆ, ಮಂಕಾಗುತ್ತವೆ. ವಾತಾವರಣವನ್ನು ಬಿಡಿಸುವುದೆಂದರೆ ಮುಕ್ಕಾಲು ಪಾಲು ಈ ದೂರವನ್ನು ಬಿಡಿಸುವುದೇ.

ಗುರುಗಳನ್ನು ಬಿಟ್ಟು ಪ್ರಕೃತಿಯನ್ನೇ ಹಿಡಿದವನೆಂದು ಕಾನ್‌ಸ್ಟೆಬಲ್‌ನನ್ನು ಹೊಗಳುವುದುಂಟು. ಅದು ಅರ್ಧ ಮಾತ್ರ ನಿಜ. ಎಳೆಯನಾಗಿದ್ದಾಗ ಕ್ಲೋದ್ ಲೊರೇನ್‌ನ ಚಿತ್ರವನ್ನು ನಕಲು ಮಾಡಿ ಕಲಿತವನು, ಹ್ಯಾಂಪ್‌ಸ್ಟೆಡ್ ಮೋಡಗಳ ನಂತರವೂ ಅಲೆಕ್ಸಾಂಡರ್ ಕೋಜೆನ್ಸ್‌ನ ಮುದ್ರಿತ ಆಕಾಶಗಳನ್ನು ಕೂತು ನಕಲು ಮಾಡಿದ. ಲ್ಯೂಕ್ ಹೋವರ್ಡ್ 1802ರಲ್ಲಿ ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂದು ಹೆಸರಿಟ್ಟಿದ್ದ. ಆ ವಿಂಗಡಣೆಯನ್ನು ವಿವರಿಸುವ ಥಾಮಸ್ ಫಾರ್ಸ್ಟರ್‌ನ ಪುಸ್ತಕ ಕಾನ್‌ಸ್ಟೆಬಲ್ ಬಳಿ ಇತ್ತು. ಅದರ ಅಂಚಿನಲ್ಲಿ ಟಿಪ್ಪಣಿ ಬರೆದಿದ್ದಾನೆ. ಹೆಸರು ಗೊತ್ತಿದ್ದ ಮಾತ್ರಕ್ಕೆ ಕೈ ಪಳಗುವುದಿಲ್ಲ, ಸರಿ. ಆದರೆ ಹೆಸರು ಸಿಕ್ಕ ಮೇಲೆ ಕಣ್ಣು ಎರಡು ಮೋಡಗಳನ್ನು ಒಂದೆಂದು ನೋಡಲು ಒಪ್ಪುವುದಿಲ್ಲ.

ಹ್ಯಾಂಪ್‌ಸ್ಟೆಡ್‌ಗೆ ಅವನು ಬಂದದ್ದು ಮೋಡಕ್ಕಾಗಿ ಅಲ್ಲ. ಹೆಂಡತಿ ಮರಾಯಾಳ ಆರೋಗ್ಯ ಕೆಟ್ಟಿತ್ತು. ಲಂಡನ್ನಿನ ಹೊಗೆಯಿಂದ ದೂರವಿರಲೆಂದು 1819ರಿಂದ ಅಲ್ಲಿ ಮನೆ ಹಿಡಿಯುತ್ತಿದ್ದರು. ಅವನು ಬಿಡಿಸುತ್ತಿದ್ದ ಗಾಳಿಯೇ ಅವಳಿಗೆ ಔಷಧ. ಅದು ಸಾಲಲಿಲ್ಲ. 1828ರ ನವೆಂಬರಿನಲ್ಲಿ ಕ್ಷಯದಿಂದ ಅವಳು ತೀರಿಕೊಂಡಳು, ಏಳು ಮಕ್ಕಳನ್ನು ಬಿಟ್ಟು. ಕೆಲವೇ ತಿಂಗಳಲ್ಲಿ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿತು. 1829ರಲ್ಲಿ ಅವನು ಪ್ರದರ್ಶಿಸಿದ 'ಹ್ಯಾಡ್ಲಿ ಕ್ಯಾಸಲ್'ನಲ್ಲಿ ಪಾಳುಬಿದ್ದ ಕೋಟೆಯ ಮೇಲೆ ಬಿರುಗಾಳಿ ಕಳೆದ ಆಕಾಶ ಹರಿದು ಬಿದ್ದಂತಿದೆ.

ಮೋಡದ ಹಾಳೆಗಳನ್ನು ಅವನು ಪ್ರದರ್ಶನಕ್ಕೆ ಇಡಲೇ ಇಲ್ಲ. ಅವು ಕೆಲಸದ ಕೋಣೆಯ ಸಾಮಾನು. 1837ರಲ್ಲಿ ಅವನು ಸತ್ತ ಎಷ್ಟೋ ಕಾಲದ ಮೇಲೆ, 1888ರಲ್ಲಿ, ಮಗಳು ಇಸಬೆಲ್ ಅವನ ನೂರಾರು ಕೃತಿಗಳನ್ನು ಇಂದಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕೊಟ್ಟಳು. ಅನೇಕ ಹಾಳೆಗಳ ಬೆನ್ನಿಗೆ ತಾರೀಖು, ಗಂಟೆ, ಗಾಳಿಯ ದಿಕ್ಕು ಬರೆದಿದೆ. ಹವಾಮಾನ ತಜ್ಞರು ಅವನ್ನು ಆ ದಿನಗಳ ದಾಖಲೆಯ ಜೊತೆ ಹೋಲಿಸಿ ನೋಡಿದ್ದಾರೆ. ಕೆಲವುದರಲ್ಲಿ ಆಮೇಲೆ ರಾತ್ರಿ ಮಳೆ ಬಂತೆಂಬ ಮಾತೂ ಇದೆ. ಅಂದರೆ ಚಿತ್ರ ಮುಗಿದ ಮೇಲೂ ಅವನು ಅದೇ ಆಕಾಶವನ್ನು ನೋಡುತ್ತಿದ್ದ, ಮರಳಿ ಬಂದು ಹಾಳೆ ತಿರುಗಿಸಿ ಬರೆದಿಡುತ್ತಿದ್ದ.